ಮೇಡಂ ಹೊಡೆದುಹಾಕಿದ ಪದ

ಪೂರ್ತಿ ನೆರೆತ ಅವರ ಕೂದಲಲ್ಲಿ, ಎಡಗಿವಿಯ ಹಿಂದೆ, ಒಂದೇ ಒಂದು ಎಳೆ ಕಡುಕಪ್ಪಾಗಿ ಉಳಿದಿತ್ತು. ನನಗೆ ವಕೀಲಿಕೆ ಕಲಿಸಿದ ಹಿರಿಯ ವಕೀಲೆ ಅವರು, ಎಲ್ಲರಿಗೂ ಮೇಡಂ. ಕುಂಬಾರಕೊಪ್ಪಲಿನ ಮನೆಯ ಮುಂಗೋಣೆಯೇ ಅವರ ಕಚೇರಿ. ಇಳಿಬಿಸಿಲು ಕಿಟಕಿ ಸರಳುಗಳ ನಡುವಿನಿಂದ ಫೈಲುಗಳ ಮೇಲೆ ಚೆಲ್ಲುವ ಹೊತ್ತಿಗೆ ನಾನು ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಬೇಕು. ನಿದ್ದೆ ಹತ್ತಿತೇನೋ ಅಂದುಕೊಳ್ಳುವಷ್ಟರಲ್ಲಿ, "ಒಂದು ಸಾಲು ಬಿಟ್ಟೆ ಕಣಮ್ಮ" ಅನ್ನುತ್ತಿದ್ದರು.

ಮಂಡಿ ಮೊಹಲ್ಲಾದಲ್ಲಿ ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಂಗಸಿನ ಬಲಗೈ ಮೇಲೆ ಪಕ್ಕದ ಕಟ್ಟಡದ ಸಜ್ಜಾ ಕಳಚಿ ಬಿದ್ದಿತ್ತು. ಆ ಕೈ ಮತ್ತೆ ಕತ್ತರಿ ಹಿಡಿಯಲಿಲ್ಲ. ಕಟ್ಟಡದ ಮಾಲೀಕರು ದೇವರಿಚ್ಛೆ ಅಂದರು. ಆಕೆಯ ಪರಿಹಾರದ ದಾವೆ ನಮ್ಮ ಕೈಗೆ ಬಂತು.

"ನಾಲ್ಕು ತಿಂಗಳಿಂದ ಬಿರುಕು ಕಾಣ್ತಿತ್ತು ಅವರಿಗೆ," ಎಂದರು ಮೇಡಂ. "ಮನೇಲಿ ನಿರ್ಲಕ್ಷ್ಯ ಅಂದ್ರೆ ತಿರುಗಿ ನೋಡ್ದೆ ಇರೋದು. ಕೋರ್ಟಿಗೆ ಅಷ್ಟು ಸಾಲದು. ಎಚ್ಚರವಾಗಿರೋ ಹೊಣೆ ಇರಬೇಕು, ಅದನ್ನ ಕೈಬಿಟ್ಟಿರಬೇಕು, ಅದರಿಂದ್ಲೇ ಇನ್ನೊಬ್ಬರಿಗೆ ಏಟಾಗಿರಬೇಕು. ಹಂಗೇ ಬರಿ."

ಬರೆದೆ. ಆದರೆ ವಿಚಾರಣೆಯ ತಾರೀಖನ್ನು ಡೈರಿಯಲ್ಲಿ ತಪ್ಪಾಗಿ ಒಂದು ವಾರ ಮುಂದಕ್ಕೆ ಗುರುತು ಹಾಕಿಕೊಂಡಿದ್ದೆ. ನಮ್ಮ ಕಡೆಯಿಂದ ಯಾರೂ ಹಾಜರಿಲ್ಲವೆಂದು ದಾವೆ ವಜಾ ಆಯಿತು.

ಮತ್ತೆ ತೆರೆಯುವಂತೆ ಅರ್ಜಿ ಹಾಕಬೇಕಿತ್ತು. "ಜ್ವರ ಅಂತ ಹಾಕ್ಬುಡಿ, ಎಲ್ರೂ ಅಂಗೇ ಹಾಕೋದು" ಅಂದರು ನಮ್ಮ ಕಚೇರಿಯ ಗುಮಾಸ್ತರು. ನಾನು "ಕಣ್ತಪ್ಪಿನಿಂದ" ಎಂದು ಬರೆದೆ. ಮೇಡಂ ಆ ಪದ ಹೊಡೆದುಹಾಕಿ ಮೇಲೆ ಬರೆದರು: "ನನ್ನ ನಿರ್ಲಕ್ಷ್ಯದಿಂದ."

"ತಪ್ಪು ನನ್ನದಲ್ವಾ ಮೇಡಂ?"

"ವಕಾಲತ್ತು ನಂದು. ಮಾಲೀಕರಿಗೆ ಒಂದು ಪದ, ನಮಗೆ ಇನ್ನೊಂದು ಪದಾನಾ?"

ಅಂದು ಸಂಜೆಯೇ ಆ ಹೆಂಗಸಿನ ಮನೆಗೆ ಹೊರಟೆವು. ಆ ಹಾದಿ ನನಗೆ ಕನಸಿನಲ್ಲಿ ನಡೆದ ಹಾಗೆ ನೆನಪು. ಒಣಮೆಣಸಿನಕಾಯಿ ಮೂಟೆಗಳ ಘಾಟು, ಯಾವುದೋ ಮಾಡಿನಿಂದ ಒಟ್ಟಿಗೆ ಎದ್ದ ಪಾರಿವಾಳಗಳು, ಎಷ್ಟು ನಡೆದರೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದ ಅವರ ಬೆನ್ನು.

"ಬುಡಿ ಮೇಡಂ, ಯಾರಿಗಾದ್ರೂ ಮರ್ತೋಯ್ತದೆ," ಅಂದಳು ಆಕೆ.

"ಮರೆವಲ್ಲಮ್ಮ. ನೋಡೋದು ನಮ್ಮ ಕೆಲಸ. ನೋಡಲಿಲ್ಲ." ಮೇಡಂ ಕೈ ಮುಗಿದರು. ನನ್ನ ಹೆಸರೆತ್ತಲಿಲ್ಲ.

ಕೋರ್ಟಿನಲ್ಲೂ ಎತ್ತಲಿಲ್ಲ. ನಲವತ್ತು ವರ್ಷ ತಲೆಯೆತ್ತಿ ನಿಂತ ಜಾಗದಲ್ಲಿ ಆ ಸಾಲನ್ನು ತಾವೇ ಓದಿದರು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರು ಬಹಳ ಹೊತ್ತು ಕಾಗದ ನೋಡಿ, ವಕೀಲರ ತಪ್ಪಿಗೆ ಕಕ್ಷಿದಾರರು ನರಳಬಾರದೆಂದು ದಾವೆಯನ್ನು ಮತ್ತೆ ತೆರೆದರು. ಮುಂದೆ ನಾವು ಗೆದ್ದೆವು.

ಹೋದ ವರ್ಷ ಮೇಡಂ ಫೋನು ಮಾಡಿದ್ದರು. "ಬಿಡುವಾದಾಗ ಬಾರಮ್ಮ, ಏನಾದ್ರೂ ಓದಿ ಹೇಳು, ಕಣ್ಣು ಮಂಜು." ನಾಳೆ ಬರುತ್ತೇನೆ ಅಂದೆ. ಹಾಗೇ ಮೂರು ವಾರ ಅನ್ನುತ್ತಲೇ ಇದ್ದೆ. ನಾನು ಹೋದ ದಿನ ಮನೆ ಮುಂದೆ ಚಟ್ಟ ಕಟ್ಟುತ್ತಿದ್ದರು; ಗೇಟಿನಿಂದ ಬಾಗಿಲವರೆಗೆ ಚಪ್ಪಲಿಗಳು ಹರಡಿದ್ದವು, ಕಾಲಿಡಲು ಜಾಗವಿರಲಿಲ್ಲ.