ಪಕ್ಕದವಳ ಹಾಜರಿ

ಸಿರುಗುಪ್ಪದ ಶಾಲೆಯಲ್ಲಿ ಮೊದಲ ದಿನ ಹಾಜರಿ ಕರೆಯುತ್ತಿದ್ದೆ. ಹುಲಿಗೆಮ್ಮ ಎಂದಾಗ ಉತ್ತರ ಕೋಣೆಯೊಳಗಿಂದ ಬರಲಿಲ್ಲ, ಕಿಟಕಿಯ ಆಚೆಯಿಂದ ಬಂತು. ಬಗ್ಗಿ ನೋಡಿದರೆ ಬಿಸಿಲಲ್ಲಿ ಗೋಡೆಗೆ ಒರಗಿ ಸ್ಲೇಟು ಹಿಡಿದ ಸಣ್ಣ ಹುಡುಗಿ. ಕಿಟಕಿಯ ಒಳಗೆ, ಅವಳಿಗೆ ಒಂದು ಮೊಳ ದೂರದಲ್ಲಿ, ಗೌಡರ ಮಗಳು ಬಸಮ್ಮ ಕೂತಿದ್ದಳು. ಇವಳು ನಿನಗೆ ಗೊತ್ತೇ ಎಂದು ಕೇಳಿದೆ.

"ಗೊತ್ತಿಲ್ರಿ. ಕೇರ್ಯಾಕಿ" ಎಂದಳು ಬಸಮ್ಮ. ಇಬ್ಬರೂ ಹಾಗೆ ಕೂತು ಎರಡು ವರ್ಷವಾಗಿತ್ತು.

ಬಳ್ಳಾರಿ ಸೀಮೆ ಹೇಗಿದೆ ಎಂದು ಊರಿಂದ ಕೇಳುತ್ತಲೇ ಇರುತ್ತೀರಿ. ಸ್ವಾತಂತ್ರ್ಯ ಬಂದ ಮರುವರ್ಷ ಕುಂದಾಪುರ ಬಿಟ್ಟು ಇಲ್ಲಿಗೆ ಬಂದೆ. ರೈಲು ಗುಂತಕಲ್ಲು ಮುಟ್ಟುವಷ್ಟರಲ್ಲಿ ಕಣ್ಣಿಗೆ ಹಸಿರೇ ಇರಲಿಲ್ಲ. ಊರಲ್ಲಿ ಮಳೆಗೆ ಬೈಯುತ್ತಿದ್ದವಳು ಇಲ್ಲಿ ನೆರಳಿಗಾಗಿ ಗೋಡೆ ಗೋಡೆ ಹುಡುಕಿದೆ. ಪಕ್ಕದ ದೇಶನೂರಿನಲ್ಲಿ ಭತ್ತ ಬೆಳೆಯುತ್ತದೆ, ಆದರೆ ಕುಚ್ಚಲಕ್ಕಿ ಗಂಜಿ ಎಂದರೆ ಜನ ನಗುತ್ತಾರೆ. ಜೋಳದ ರೊಟ್ಟಿ ಬಡಿಯುವುದು ಕಲಿತೆ, ಪುಂಡಿ ಎಂಬ ಹುಳಿಸೊಪ್ಪಿನ ಪಲ್ಯವನ್ನೂ ಕಲಿತೆ. ರೊಟ್ಟಿ ಮೊದಲ ಸಲ ದುಂಡಗೆ ಬಂದ ದಿನ ನೋಡಲು ಯಾರೂ ಇರಲಿಲ್ಲ.

ಮನೆ ಸಿಕ್ಕಿದ್ದೂ ಸುಲಭಕ್ಕಲ್ಲ. ಎಲ್ಲ ಬಾಗಿಲಲ್ಲೂ ಮೊದಲು ಕೇಳಿದ್ದು ಜಾತಿ, ಆಮೇಲೆ ಹೆಸರು. ಇಲ್ಲಿ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಬಾಯಿತುಂಬ ಅಕ್ಕೋರ ಅಕ್ಕೋರ ಎಂದವರು ಒಬ್ಬರಾದರೂ ಒಳಗೆ ಬನ್ನಿ ಎನ್ನಲಿಲ್ಲ. ಹಾಗಂತ ನೀವೂ ಬೀಗಬೇಡಿ. ನಮ್ಮೂರಲ್ಲಿ ಕೇರಿಯವರು ಬೇಲಿಯ ಆಚೆಯೇ ನಿಲ್ಲುತ್ತಾರೆ, ಶಾಲೆಯ ಕಿಟಕಿಯವರೆಗೂ ಬರುವುದಿಲ್ಲ.

ಮೊದಲ ದಿನ ಬಸಮ್ಮ ಗೊತ್ತಿಲ್ಲ ಎಂದದ್ದಕ್ಕೆ ನನಗೆ ಸಿಟ್ಟು ಬಂದಿತ್ತು. ಮರುದಿನವೇ ಒಂದು ನಿಯಮ ಮಾಡಿದೆ. ಯಾರ ಹೆಸರು ಕರೆದರೂ ಅವಳೇ ಉತ್ತರಿಸಬಾರದು, ಪಕ್ಕದವಳು ಎದ್ದು ಹೇಳಬೇಕು, ಜೊತೆಗೆ ಅವಳ ಮನೆಯದೊಂದು ಸುದ್ದಿಯನ್ನೂ ಹೇಳಬೇಕು. ಹುಲಿಗೆಮ್ಮನ ಪಕ್ಕದವಳು ಎಂದರೆ ಬಸಮ್ಮ. ಮೊದಲ ವಾರ ಹುಡುಗಿಯರು ನಾಚಿ ತಲೆ ತಗ್ಗಿಸಿದರು. ಆಮೇಲೆ ಗಂಟೆ ಹೊಡೆಯುವ ಮೊದಲೇ ಪಿಸುಮಾತು ಶುರುವಾಯಿತು.

"ಹುಲಿಗೆಮ್ಮ ಬಂದಾಳ್ರಿ. ಅವರ ಆಡು ಎರಡು ಮರಿ ಹಾಕೈತ್ರಿ."

"ಬಸಮ್ಮ ಬಂದಾಳ್ರಿ. ನಿನ್ನಿ ಜ್ವರ ಇತ್ತು, ಈಗ ಆರಾಮ ಅದಾಳ್ರಿ."

ಕಿಟಕಿಯ ಸರಳುಗಳ ನಡುವೆ ಗೆಳೆತನ ಬೆಳೆಯಿತು. ಸಿರುಗುಪ್ಪದಲ್ಲಿ ನಾನು ಪಟ್ಟ ಸಂತೋಷ ಅದೊಂದೇ.

ಬೇಸಿಗೆಯ ಒಂದು ದಿನ ಬಸಮ್ಮ ಹೊರಗೆ ಹೋಗಿ ಹುಲಿಗೆಮ್ಮನ ಕೈ ಹಿಡಿದು ಒಳಗೆ ಕರೆತಂದು ತನ್ನ ಚಾಪೆಯ ಮೇಲೆ ಕೂರಿಸಿಕೊಂಡಳು. "ಬಿಸಲಾಗ ತಲಿ ಸುಡತೈತ್ರಿ ಅಕ್ಕೋರ" ಎಂದಳು. ನಾನು ಬೇಡ ಎನ್ನಲಿಲ್ಲ.

ಸಂಜೆಗೆ ಗೌಡರೇ ಶಾಲೆಗೆ ಬಂದರು. ಕೂಗಾಡಲಿಲ್ಲ. "ಮಕ್ಕಳು ಪರಿಚಯ ಆಗ್ಲಿ, ಬ್ಯಾಡ ಅನ್ನಂಗಿಲ್ರಿ. ಆದ್ರ ಇಷ್ಟು ಪರಿಚಯ ಯಾಕ ಬೇಕು?" ಎಂದರು. ಹೆಡ್ಮಾಸ್ತರು ನೆಲ ನೋಡುತ್ತ ನಿಂತಿದ್ದರು. ಅವಳನ್ನು ಹೊರಗೆ ಕೂರಿಸಬಾರದೆಂದು ಕಾನೂನು ಇದೆ ಎಂದೆ. ಗೌಡರು ನಕ್ಕು ಹೊರಟುಹೋದರು.

ಮರುದಿನ ಹುಲಿಗೆಮ್ಮನ ತಾಯಿ ನನ್ನ ಬಾಗಿಲಿಗೆ ಬಂದಳು. ಅವಳಿಗೆ ಕೂಲಿ ಇದ್ದದ್ದು ದೇಶನೂರಿನಲ್ಲಿದ್ದ ಇದೇ ಗೌಡರ ಗದ್ದೆಯಲ್ಲಿ. ಎಷ್ಟು ಕರೆದರೂ ಮೆಟ್ಟಿಲು ಹತ್ತಲಿಲ್ಲ.

"ನಮ್ಮ ಹುಡುಗಿ ಹೆಸರು ಕೂಗಬ್ಯಾಡ್ರಿ ಅಕ್ಕೋರ. ನಾಳಿಂದ ಆಕಿನ್ನೂ ಗದ್ದಿಗೆ ಕರ್ಕೊಂಡ್ ಬಾ ಅಂದಾರ. ಹೊರಗ ಕುಂತಿದ್ದಾಗ ನಾಕು ಅಕ್ಷರನಾರ ಕಿವಿಗೆ ಬೀಳ್ತಿದ್ವು."

ಬಳ್ಳಾರಿಗೆ ಹೋಗಿ ಮೇಲಧಿಕಾರಿಗೆ ದೂರು ಕೊಟ್ಟೆ. ಅಲ್ಲಿಂದ ಬಂದದ್ದು ನನ್ನನ್ನು ಕುರುಗೋಡಿಗೆ ವರ್ಗ ಮಾಡಿದ ಆದೇಶ.

ಕೊನೆಯ ದಿನವೂ ಹುಲಿಗೆಮ್ಮ ಎಂದು ಕರೆದೆ. ಬಸಮ್ಮ ಎದ್ದಳು. ಅವಳಿಗೆ ಮನೆಯಲ್ಲಿ ಹೊಡೆತ ಬಿದ್ದಿತ್ತು ಎಂದು ಎಲ್ಲರಿಗೂ ಗೊತ್ತಿತ್ತು.

"ಬಂದಿಲ್ರಿ. ಕಳೆ ತೆಗ್ಯಾಕ ಹೋಗ್ಯಾಳ. ಕಾಲಾಗ ಮುಳ್ಳು ಮುರದೈತ್ರಿ." ಕೂರಲಿಲ್ಲ, ನನ್ನನ್ನೇ ನೋಡುತ್ತ ನಿಂತಳು. "ಅಕ್ಕೋರ, ಕುರುಗೋಡಿನಾಗ ನಿಮ್ಮ ಸುದ್ದಿ ಯಾರು ಹೇಳ್ತಾರ್ರಿ?"

ಕುಂದಾಪುರ ಎಲ್ಲಿದೆ ಎಂದು ಗೊತ್ತಿಲ್ಲದ ಕುರುಗೋಡಿನವರಿಗೆ ಈಗ ನಾನು ಮಂಗಳೂರು ಅಕ್ಕೋರು. ರಜೆಗೆ ಬಂದರೆ ನಿಮಗೆಲ್ಲ ಬಳ್ಳಾರಿಯವಳು. ಕಳೆದ ಸಲ ಅಮ್ಮನ ಮುಂದೆ ಹುಲಿಗೆಮ್ಮನ ವಿಷಯ ತೆಗೆದೆ. ಗಂಜಿ ಬಡಿಸುತ್ತಿದ್ದ ಅಮ್ಮ, "ನಿನಗ್ಯಾಕೆ ಬೇಕಿತ್ತು ಆ ಉಸಾಬರಿ" ಎಂದಳು. ಗೌಡರು ಕೇಳಿದ್ದೂ ಅದನ್ನೇ. ಗಂಜಿ ಬಿಟ್ಟು ಎದ್ದೆ.

ಕುರುಗೋಡಿನ ಶಾಲೆಯಲ್ಲಿ ಹುಡುಗಿಯರು ತಮ್ಮ ತಮ್ಮ ಹೆಸರಿಗೆ ತಾವೇ ಹಾಜರ್ ಎನ್ನುತ್ತಾರೆ. ಹಾಗೇ ಇರಲಿ ಎಂದು ಬಿಟ್ಟಿದ್ದೇನೆ. ಕಿಟಕಿಯ ಆಚೆ ಯಾರಿದ್ದಾರೆ ಎಂದು ಇನ್ನೂ ಬಗ್ಗಿ ನೋಡಿಲ್ಲ.