ಬೀಗ ಬಿದ್ದ ಬೋರಿಂಗು

ನಮ್ಮೂರಿನ ಹೆಸರು ಬೇಡ. ಕೊಟ್ಟೂರು, ಹರಪನಹಳ್ಳಿ ಬಸ್ಸುಗಳು ನಿಂತು ಹೋಗುವ ಊರು ಅಂದರೆ ಸಾಕು. ತೊಂಬತ್ತರ ದಶಕದ ಕೊನೆಯ ಮಾತು. ಸ್ವಾತಂತ್ರ್ಯ ದಿನ ಧ್ವಜ ಹಾರಿಸಿದ ಮೇಲೆ ಊರಾಡಳಿತದವರು ವರ್ಷದ ಸಾಧನೆಗಳನ್ನು ಮೈಕಿನಲ್ಲಿ ಓದುತ್ತಿದ್ದರು. ಇಷ್ಟು ಚರಂಡಿ, ಇಷ್ಟು ಬೀದಿದೀಪ, ಇಷ್ಟು ಹೊಸ ಬೋರಿಂಗು. ಕೈಪಂಪಿಗೆ ನಾವು ಬೋರಿಂಗು ಅನ್ನುತ್ತಿದ್ದೆವು. ಆ ಮಾತು ಬಂದರೆ ಸಾಕು, ಅವ್ವ ಪಕ್ಕದವರಿಗೆ, "ಯಾವ ಓಣಿದು ಕಿತ್ತು ತಂದಾರ ಕೇಳ್ರಿ" ಅನ್ನುತ್ತಿದ್ದಳು.

ಅವ್ವನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ನಮ್ಮದು ಕೆಟ್ಟಾಗಲೆಲ್ಲ ಅವ್ವ ನೀರು ತರುತ್ತಿದ್ದ ಹಿಂದಿನ ಓಣಿಯ ಬೋರಿಂಗನ್ನು ರಿಪೇರಿಗೆಂದು ಬಿಚ್ಚಿಕೊಂಡು ಹೋದವರು ತಿರುಗಿ ತರಲಿಲ್ಲ. ಸ್ವಲ್ಪ ದಿನಕ್ಕೆ ಸಂತೆ ಮೈದಾನದಲ್ಲಿ ಹಸಿರು ಬಣ್ಣದ ಹೊಸ ಬೋರಿಂಗಿನ ಉದ್ಘಾಟನೆಯಾಯಿತು. ಅವ್ವ ಹೋಗಿ ಅದರ ಹಿಡಿಕೆ ಹಿಡಿದು ನೋಡಿದಳು. ಹಳೆಯ ಬೆಸುಗೆಯ ಗಂಟು ಅಂಗೈಗೆ ಚುಚ್ಚಿತು. "ಬಣ್ಣ ಬಳದ್ರ ನನ್ನ ಕೈಗೆ ಗುರ್ತು ಸಿಗಂಗಿಲ್ಲೇನು?" ಎಂದು ಅಲ್ಲೇ ಎಲ್ಲರೆದುರು ಕೇಳಿದಳು. ಊರಾಡಳಿತದವರು ಅದೇ ಕೈಗೆ ಒಂದು ಪೇಡೆ ಇಟ್ಟರು.

ಆಮೇಲೆ ನಮ್ಮ ಓಣಿಯ ಸರದಿ ಬಂತು. ಅಪ್ಪ ಇರಲಿಲ್ಲ. ಅವ್ವ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಬೋರಿಂಗಿನ ನೀರಿದ್ದರೆ ರೊಟ್ಟಿ, ರೊಟ್ಟಿಯಿದ್ದರೆ ನಾವು. ಓಣಿಯಲ್ಲಿ ಹೊಸದಾಗಿ ನಳ ಹಾಕಿದ್ದರು. ಅದರಲ್ಲಿ ಇನ್ನೂ ಗಾಳಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಆದರೂ ವಾರ್ಡಿನ ಮೆಂಬರು ಬಂದು, ನಳ ಬಂದ ಮೇಲೆ ಬೋರಿಂಗು ಯಾಕೆ, ನಾಳೆ ಕೀಳುತ್ತೇವೆ ಎಂದು ಹೇಳಿ ಹೋದರು.

ಅವ್ವ ದೊಡ್ಡ ದೈವಭಕ್ತಳೇನಲ್ಲ. ಮರುದಿನ ಮಾತ್ರ ನಸುಕಿನಲ್ಲೇ ತಲೆಗೆ ನೀರು ಹಾಕಿಕೊಂಡು, ಬೋರಿಂಗಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಖಣ ಸುತ್ತಿ, ಬಳೆ, ಅಕ್ಕಿ, ತೆಂಗಿನಕಾಯಿ ಇಟ್ಟು ಉಡಿ ತುಂಬಿದಳು. ಓಣಿಯ ಹೆಂಗಸರೆಲ್ಲ ಸೇರಿ ಆರತಿ ಎತ್ತಿದರು. ಉಡಿ ತುಂಬಿದ ಮೇಲೆ ಅದು ಕಬ್ಬಿಣವಲ್ಲ, ಗಂಗವ್ವ. ಸ್ಪ್ಯಾನರ್ ಹಿಡಿದು ಬಂದ ಫಿಟ್ಟರು ದೂರದಲ್ಲೇ ಚಪ್ಪಲಿ ಬಿಟ್ಟ.

"ನಮ್ಮ ಮನಿಯಾಕಿ ಬಸುರಿ ಅದಾಳ ಬೇ. ನಾ ಇದನ್ನ ಮುಟ್ಟಂಗಿಲ್ಲ," ಎಂದು ಕೈಮುಗಿದು, ಬಂದ ದಾರಿಯಲ್ಲೇ ಹೋದ. ನಮಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ನಮ್ಮ ಮೆಂಬರು ಅಷ್ಟಕ್ಕೆ ಬಿಡುವವರಲ್ಲ. ಮುಂದಿನ ವರ್ಷದ ಸಾಧನೆಗಳಲ್ಲಿ 'ಗಂಗಾಮಾತೆಯ ಕಟ್ಟೆ ಅಭಿವೃದ್ಧಿ' ಎಂಬುದೊಂದು ಸೇರಿಕೊಂಡಿತು. ಬೋರಿಂಗಿನ ಸುತ್ತ ಟೈಲ್ಸು, ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಗೇಟು, ಗೇಟಿಗೆ ಬೀಗ. ಉದ್ಘಾಟನೆಯ ದಿನ ಅವ್ವ ಖಾಲಿ ಕೊಡ ಹಿಡಿದುಕೊಂಡು ಹೊರಗೆ ನಿಂತಿದ್ದಳು.

"ದೇವರು ಆತಲ್ಲಬೇ, ಮೈಲಿಗಿ ಆಗಬಾರ್ದಂತ ಗ್ರಿಲ್ ಹಾಕ್ಸೀವಿ," ಅಂದರು ಮೆಂಬರು.

"ಚಲೋ ಮಾಡೀರಿ," ಅಂದಳು ಅವ್ವ. "ದಿನಾ ಆಕಿಗೆ ನೀರು ಹಾಕಾವ್ರು ಯಾರು? ಪೂಜಿ ತಪ್ಪಿದ್ರ ಆಕಿ ಮೊದ್ಲು ನಿಮ್ಮ ಮನಿಗೇ ಬರ್ತಾಳ, ನೋಡ್ರಿ."

ಮೆಂಬರು ಅತ್ತಿತ್ತ ನೋಡಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕೀಲಿ ಅವ್ವನ ಕೈಗೆ ಬಂತು. ಅವಳು ಬೀಗ ತೆಗೆದು, ಉದ್ಘಾಟನೆಯ ಪೂಜೆಗೆ ಇಟ್ಟಿದ್ದ ಚೊಂಬಿನ ನೀರನ್ನು ಗಂಗವ್ವನ ತಲೆಗೆ ಸುರಿದು, ಕೊಡ ಇಟ್ಟು ಹಿಡಿಕೆ ಒತ್ತತೊಡಗಿದಳು. ಹಿಂದೆ ಹೆಂಗಸರ ಸಾಲು ನಿಂತಿತು. ಫೋಟೋದವನು ಬಂದಿದ್ದರಿಂದ ಮೆಂಬರು ನಗಲೇಬೇಕಾಯಿತು.

ಅಂದಿನಿಂದ ಆ ಕೀಲಿ ಅವ್ವನ ಎಲೆಯಡಿಕೆ ಸಂಚಿ ಸೇರಿತು. ಕೆಲವು ವರ್ಷಗಳ ಮೇಲೆ ನನಗೆ ಹಡಗಲಿ ಕಡೆಯ ಸರಕಾರಿ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ರಜೆಗೆ ಬಂದಾಗ ಅವ್ವನಿಗೆ ವಿಪರೀತ ಕೆಮ್ಮು. ಹೊರಗೆ ಕೊರೆಯುವ ಚಳಿ. "ಕೀಲಿ ಕೊಡವ್ವ, ಇವತ್ತು ನಾ ಹೋಗಿ ತೆಗೀತೀನಿ," ಅಂದೆ.

ಅವಳು ಸಂಚಿಯನ್ನು ಸೊಂಟಕ್ಕೆ ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು. ಮೆಂಬರನ್ನು ನೋಡಿದಂತೆಯೇ ನನ್ನನ್ನು ಕೆಳಗಿನಿಂದ ಮೇಲೆ ನೋಡಿದಳು.

"ನೀನೂ ಈಗ ಸರಕಾರದಾವನ ಅಲ್ಲೇನು?"

ನಗುತ್ತಾಳೇನೋ ಎಂದು ಕಾದೆ. ನಗಲಿಲ್ಲ. ಕೊಡ ಎತ್ತಿಕೊಂಡು, ಕೆಮ್ಮುತ್ತ ತಾನೇ ಹೊರಟಳು.