ಎರಡು ಡಿಸ್ಕಿನ ಸಂಸಾರ

ಊರಿನವರ ಕಂಪ್ಯೂಟರ್ ಕೆಟ್ಟಿತೆಂದರೆ ನನಗೆ ಒಳಗೊಳಗೇ ಖುಷಿ. ಹೇಳಬಾರದು, ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇನು? ಹೊಸಪೇಟೆಯಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಕ್ಲಾಸು. ಪಾಠ ಹೇಳುವುದು ಹೊಟ್ಟೆಪಾಡಿಗೆ; ಗುಂಡಿ ಒತ್ತಿದರೂ ಏಳದ ಯಂತ್ರವನ್ನು ಎಬ್ಬಿಸುವುದು ಚಟಕ್ಕೆ. ಬೆಳಿಗ್ಗೆ ನನ್ನನ್ನು ಎಬ್ಬಿಸಲು ಮಾತ್ರ ನಮ್ಮ ಯಜಮಾನರು ಪಡುವ ಪಾಡು ದೇವರಿಗೇ ಪ್ರೀತಿ. "ಊರ ಮಂದಿ ಕಂಪ್ಯೂಟರ್ ಎಬ್ಬಸ್ತಾಳ, ತಾನು ಮಾತ್ರ ಏಳಂಗಿಲ್ಲ" ಎಂದು ಬಂದವರೆದುರಿಗೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ.

ನಾನು ಹೇಳುತ್ತಿರುವುದು ಗಣಿಯ ದುಡ್ಡು ಊರೊಳಗೆ ಹರಿಯುತ್ತಿದ್ದ ಕಾಲದ ಮಾತು. ಕಂಪ್ಯೂಟರ್ ಇಲ್ಲದ ಅಂಗಡಿಗೆ ಮರ್ಯಾದೆಯೇ ಇಲ್ಲವೆನ್ನುವಂತಾಗಿತ್ತು. ಸಿಪಿಯು ಡಬ್ಬಿ ಬಿಚ್ಚಿದರೆ ಸಾಕು, ಅದು ಯಾವ ಊರಿನದೆಂದು ಹೇಳಿಬಿಡುತ್ತಿದ್ದೆ. ಕೆಂಪು ದೂಳು ಉದುರಿದರೆ ಸಂಡೂರು, ಅಕ್ಕಿ ತೌಡು ಉದುರಿದರೆ ಕಂಪ್ಲಿಯ ಗಿರಣಿ, ಊದುಬತ್ತಿಯ ವಾಸನೆ ಬಂದರೆ ಹಂಪಿಯ ಇಂಟರ್ನೆಟ್ ಅಂಗಡಿ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದೊಡನೆ ಜನ ಇನ್ನೊಂದು ಹಾರ್ಡ್ ಡಿಸ್ಕ್ ಕೊಂಡು ತರುತ್ತಿದ್ದರು. ಹಳೆಯದನ್ನು ತೆಗೆಯೋಣವೇ ಎಂದು ಕೇಳಿದರೆ, "ಇರ್ಲಿ ಬಿಡ್ರಿ ಮೇಡಂ, ಅದರ ಪಾಡಿಗೆ ಅದು ಒಂದ್ ಮೂಲ್ಯಾಗ ಇರ್ತೈತಿ" ಎನ್ನುತ್ತಿದ್ದರು. ಹೀಗೆ ಎಲ್ಲರ ಡಬ್ಬಿಯಲ್ಲೂ ಎರಡು ಮೂರು ಡಿಸ್ಕು.

ಒಂದೇ ಡಿಸ್ಕ್ ಇದ್ದಾಗ ಕಂಪ್ಯೂಟರಿಗೆ ಗೊಂದಲವಿಲ್ಲ. ಎರಡಾದೊಡನೆ, ಮೊದಲು ಯಾರನ್ನು ಮಾತಾಡಿಸಬೇಕೆಂಬ ಪ್ರಶ್ನೆ ಹುಟ್ಟುತ್ತದೆ. ನಮ್ಮ ಕಡೆಯ ಮದುವೆಗಳಲ್ಲಿ ಮೊದಲ ವೀಳ್ಯ ಯಾರಿಗೆ ಎಂಬ ಪ್ರಶ್ನೆ ಎದ್ದ ಹಾಗೆಯೇ. ಆ ಕ್ರಮ ತಪ್ಪಿತೋ, ಸಣ್ಣ ಮಾವನೋ ದೊಡ್ಡ ಮಾವನೋ ಟವೆಲು ಕೊಡವಿ ಎದ್ದು ಹೊರಡುತ್ತಾರೆ, ಅಕ್ಕಿಕಾಳು ಕೈಯಲ್ಲೇ ಉಳಿಯುತ್ತದೆ. ಕಂಪ್ಯೂಟರಿನಲ್ಲಿ ಈ ಹಿರಿತನದ ಕ್ರಮವನ್ನು ಗೊತ್ತುಮಾಡಲು ಒಂದು ನೀಲಿ ಪರದೆಯಿದೆ. ಅಲ್ಲಿ ಕೆಳಗಿರುವ ಡಿಸ್ಕಿನ ಹೆಸರನ್ನು ಮೇಲೆ ತಂದರೆ ಬಹುಪಾಲು ರಿಪೇರಿ ಮುಗಿದಂತೆ. ಕ್ಷಣದ ಕೆಲಸ. ಆದರೂ ನಾನು ಹುಬ್ಬು ಗಂಟಿಕ್ಕಿಕೊಂಡು ಒಂದಷ್ಟು ಹೊತ್ತು ಕೂರುತ್ತೇನೆ, ಇಲ್ಲವಾದರೆ ಬಂದವರಿಗೆ ನಂಬಿಕೆ ಬರುವುದಿಲ್ಲ.

ಕೊಟ್ರೇಶ ಮತ್ತು ವೀರೇಶರ ಕಂಪ್ಯೂಟರ್ ಮಾತ್ರ ಹುಬ್ಬು ಗಂಟಿಕ್ಕಿದ್ದಕ್ಕೆ ಬಗ್ಗುವಂಥದ್ದಾಗಿರಲಿಲ್ಲ. ಅಣ್ಣ ಕೊಟ್ರೇಶ ಮೊದಲು ಲಾರಿಗಳ ಬೆನ್ನಿಗೆ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದವನು. ತಮ್ಮ ವೀರೇಶ ನನ್ನ ಹಳೆಯ ವಿದ್ಯಾರ್ಥಿ. ಇಬ್ಬರೂ ಕೂಡಿ ಫ್ಲೆಕ್ಸ್ ಬೋರ್ಡಿನ ಅಂಗಡಿ ಇಟ್ಟಿದ್ದರು. ಆ ವರ್ಷಗಳಲ್ಲಿ ಹುಟ್ಟಿದ ದಿನ ಗೊತ್ತಿಲ್ಲದವರಿಗೂ ಹುಟ್ಟುಹಬ್ಬದ ಫ್ಲೆಕ್ಸ್ ಬೇಕಾಗುತ್ತಿತ್ತು, ಅಂಗಡಿ ಚೆನ್ನಾಗಿ ಬೆಳೆಯಿತು. ಬಡತನದಲ್ಲಿ ಕೂಡಿದ್ದವರು ಕೆಲಸ ಹೆಚ್ಚಾಗಿ ಬೇರೆಯಾದರು. ಜಗಳವಿಲ್ಲದ ಪಾಲು. ಅಣ್ಣ ಸಂಡೂರಿನಲ್ಲಿ ಹೊಸ ಅಂಗಡಿ ತೆರೆಯುವುದು, ತಮ್ಮ ಇಲ್ಲಿಯದನ್ನು ನೋಡಿಕೊಳ್ಳುವುದು. ಮೇಜು, ಏಣಿ, ಫ್ಯಾನು ಹಂಚಿಕೊಂಡ ಮೇಲೆ ಕಂಪ್ಯೂಟರಿನೊಳಗಿನ ಎರಡು ಡಿಸ್ಕುಗಳನ್ನೂ ಹಂಚಿಕೊಂಡರು. ಹಳೆಯದು ಅಣ್ಣನಿಗೆ, ಹೊಸದು ತಮ್ಮನಿಗೆ. ಕೊಟ್ರೇಶ ತನ್ನ ಪಾಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಂಡೂರಿಗೆ ಹೋಗಿ ಅಲ್ಲಿ ಡಿಸ್ಕ್ ಇಲ್ಲದೆ ಕೊಂಡಿದ್ದ ಹೊಸ ಕಂಪ್ಯೂಟರಿಗೆ ಹಾಕಿಕೊಂಡ.

ಮರುದಿನ ವೀರೇಶ ಮುಖ ಸಣ್ಣ ಮಾಡಿಕೊಂಡು ಬಂದ. "ಮೇಡಂ, ಕಂಪ್ಯೂಟರ್ ಶುರುನ ಆಗವಲ್ದ್ರಿ. ನಮ್ಮಣ್ಣ ಹೋಗಬೇಕಾದ್ರ ಒಳಗಿಂದು ಏನೋ ತಗದಾನ್ರಿ."

ಅವನನ್ನು ಕೂರಿಸಿ ನೀರು ಕೊಡುವಷ್ಟರಲ್ಲಿ ಸಂಡೂರಿನಿಂದ ಕೊಟ್ರೇಶನ ಫೋನು. "ಇಲ್ಲಿ ನಂದು ಶುರುನ ಆಗವಲ್ದ್ರಿ ಮೇಡಂ, ತಮ್ಮ ನನ್ನ ಡಿಸ್ಕ್ ಅಳಿಸಿ ಕೊಟ್ಟಾನ್ರಿ. ಕೇಳಿದ್ರ ಎಲ್ಲಾ ಅವಂಗೇ ಕೊಡ್ತಿದ್ದೆ. ಹಿಂಗ ಮಾಡ್ತಾನ ಅಂತ ಅಂದ್ಕೊಂಡಿರಲಿಲ್ಲರಿ."

ಅವನ ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ಅಂಗಡಿಯನ್ನೇ ನಗುನಗುತ್ತಾ ಹಂಚಿಕೊಂಡವರು ಅಂಗೈಯಗಲದ ಡಬ್ಬಿಯೊಂದರಿಂದ ಜನ್ಮವಿಡೀ ಮಾತು ಬಿಡುತ್ತಾರಲ್ಲ ಎನಿಸಿತು. "ಇಬ್ಬರೂ ನಿಮ್ಮ ನಿಮ್ಮ ಕಂಪ್ಯೂಟರ್, ಡಿಸ್ಕ್ ಎಲ್ಲಾ ತಗೊಂಡು ನಾಳೆ ಬರ್ರಿ" ಎಂದೆ.

ಬಂದರು. ಬೆಂಚಿನ ಈ ತುದಿಗೊಬ್ಬ, ಆ ತುದಿಗೊಬ್ಬ. ಎರಡೂ ಡಿಸ್ಕುಗಳನ್ನು ಮೊದಲಿದ್ದಂತೆಯೇ ವೀರೇಶನ ಕಂಪ್ಯೂಟರಿಗೆ ಜೋಡಿಸಿ ಗುಂಡಿ ಒತ್ತಿದೆ. ಏನೂ ಆಗಿಯೇ ಇಲ್ಲವೆಂಬಂತೆ ವಿಂಡೋಸ್ ಬಂದು ನಿಂತಿತು. ವಿಷಯ ಇಷ್ಟೇ: ಯಾರೋ ಹಿಂದೆ ಹೊಸ ಡಿಸ್ಕಿಗೆ ವಿಂಡೋಸ್ ಹಾಕಿದಾಗ, ಅದನ್ನು ಎಬ್ಬಿಸುವ ಸಣ್ಣ ಫೈಲುಗಳು ಮಾತ್ರ ಹಳೆಯದರಲ್ಲಿ ಹೋಗಿ ಕೂತಿದ್ದವು. ಎಬ್ಬಿಸುವುದು ಅಣ್ಣನ ಹತ್ತಿರ, ಏಳಬೇಕಾದದ್ದು ತಮ್ಮನ ಹತ್ತಿರ. "ಯಾರೂ ಏನೂ ತಗದಿಲ್ಲ, ಯಾರೂ ಏನೂ ಅಳಿಸಿಲ್ಲ" ಎಂದೆ. ಇಬ್ಬರೂ ನೆಲ ನೋಡಿದರು.

ಇಂಥ ಅವಕಾಶ ಪಾಠ ಹೇಳುವವರಿಗೆ ದಿನಾ ಸಿಗುತ್ತದೆಯೇ? "ನೋಡ್ರಿ, ಕೂಡಿದ್ರ ಹೆಂಗ..." ಎಂದು ಗಂಟಲು ಸರಿಮಾಡಿಕೊಂಡೆ. ಕೊಟ್ರೇಶ ಕೈಮುಗಿದ. "ನೀವು ಹೇಳೂದು ಭಾಳ ಖರೆ ಐತ್ರಿ. ಈಗ ಬ್ಯಾರೆ ಬ್ಯಾರೆ ಶುರು ಆಗಂಗ ಮಾಡಿಕೊಡ್ರಿ." ನನ್ನ ಉಪದೇಶ ಅಲ್ಲಿಗೇ ಮುಗಿಯಿತು.

ಆ ಫೈಲುಗಳನ್ನು ತಮ್ಮನ ಡಿಸ್ಕಿಗೂ ನಕಲು ಮಾಡಿ, ಇನ್ನು ಇಲ್ಲಿಂದಲೇ ಏಳಬೇಕೆಂದು ಗುರುತು ಹಾಕಿ, ಅಣ್ಣನದನ್ನು ಕಳಚಿ ಗುಂಡಿ ಒತ್ತಿದೆ. ತಮ್ಮನದು ಒಂಟಿಯಾಗಿ ಎದ್ದಿತು. ಕೊಟ್ರೇಶ ಪರದೆಯ ಹತ್ತಿರ ಬಾಗಿ ನೋಡಿದ. "ನಾ ಇಲ್ದನೂ ಶುರು ಆತಲ್ಲಲೇ" ಎಂದು ನಕ್ಕ. ಆ ನಗುವನ್ನು ನನಗೆ ನೋಡಲಾಗಲಿಲ್ಲ. ರಿಪೇರಿ ಸರಿಯಾಗಿಯೇ ಇತ್ತು, ನನಗೆ ಮಾತ್ರ ಏನನ್ನೋ ಕೆಡಿಸಿದ ಸಂಕಟ.

ಆಮೇಲೆ ಅಣ್ಣನ ಡಿಸ್ಕನ್ನು ಅವನ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿದ್ದ ಅವನ ಫ್ಲೆಕ್ಸ್ ಚಿತ್ರಗಳಿಗೆ ಧಕ್ಕೆಯಾಗದಂತೆ ಅದಕ್ಕೂ ಒಂದು ವಿಂಡೋಸ್ ಹಾಕಿದೆ. ಅದು ಏಳುವಾಗ ಪರದೆಯ ಮೇಲೆ ಎರಡು ಸಾಲು ಬಂದವು: ಒಂದು ಅವನದೇ ವಿಂಡೋಸಿನದು, ಇನ್ನೊಂದು ತಮ್ಮನ ಡಿಸ್ಕನ್ನು ಎಬ್ಬಿಸುವ ಹಳೆಯ ಸಾಲು. "ಎರಡನೇದು ಇನ್ನ ದಂಡ, ಅಳಿಸಿಬಿಡ್ಲೇನು?" ಎಂದು ಕೇಳಿದೆ. ಕೊಟ್ರೇಶ ತಮ್ಮನ ಕಡೆ ತಿರುಗಿದ.

ಬೆಂಚಿನ ಆ ತುದಿಯಿಂದ ವೀರೇಶ ಎದ್ದು ಬಂದ. "ಬ್ಯಾಡ್ರಿ ಮೇಡಂ, ಇರ್ಲಿ ಅದು. ನಂದು ಕೆಟ್ರ ಅಣ್ಣ ಬಂದು ಎಬ್ಬಸ್ತಾನ."

ಅಂದಿನಿಂದ ವೀರೇಶನ ಕಂಪ್ಯೂಟರ್ ಮೇಲಿಂದ ಮೇಲೆ ಕೆಡತೊಡಗಿತು. ಕೆಟ್ಟಾಗಲೆಲ್ಲ ಕೊಟ್ರೇಶ ಡಿಸ್ಕ್ ಕಟ್ಟಿಕೊಂಡು, ಅದಿರು ಲಾರಿಗಳ ನಡುವೆ ಬೈಕಿನಲ್ಲಿ ನುಸುಳಿಕೊಂಡು ಸಂಡೂರಿನಿಂದ ಬರುತ್ತಿದ್ದ. ತಲೆಯಿಂದ ಕಾಲಿನವರೆಗೆ ಕೆಂಪಾಗಿ ಇಳಿದು, ಕಂಪ್ಯೂಟರ್ ಎಬ್ಬಿಸಿ, ತಮ್ಮನ ಮನೆಯಲ್ಲಿ ಊಟ ಮಾಡಿಕೊಂಡು ಹೋಗುತ್ತಿದ್ದ. ನಾನು ಮಾಡಿದ ಕೆಲಸ ಹಾಗೆಲ್ಲ ಕೆಡುವಂಥದ್ದಲ್ಲವೆಂದು ನನಗೆ ಗೊತ್ತು. ನಾನೇ ಕಲಿಸಿದ ವೀರೇಶನಿಗೂ ಗೊತ್ತು. ಪೇಟೆಯಲ್ಲಿ ಮಾತ್ರ "ಮೇಡಂ ಮಾಡಿದ ರಿಪೇರಿ ತಾಳಂಗಿಲ್ಲ" ಎಂಬ ಮಾತು ಹಬ್ಬಿತು. ಯಾರಾದರೂ ನನ್ನನ್ನೇ ನಿಲ್ಲಿಸಿ ಕೇಳಿದರೆ, "ಹೌದ್ರಿ, ತಾಳಂಗಿಲ್ಲ" ಎಂದು ಒಪ್ಪಿಕೊಂಡು ಮುಂದೆ ಹೋಗುತ್ತಿದ್ದೆ.